ಬಾದಾಮಿ ಸೀಮೆಯ ಹೊಲದಲ್ಲಿ ಟೆಂಟ್ ವಸತಿ ಆರಂಭಿಸುವ ಮುನ್ನ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಆಸುಪಾಸಿನಲ್ಲಿ ಹೊಲವಿರುವವರು ಗ್ಲ್ಯಾಂಪಿಂಗ್, ಅಂದರೆ ಮಂಚ, ಸ್ನಾನಗೃಹಗಳುಳ್ಳ ಟೆಂಟ್ ವಸತಿ, ಆರಂಭಿಸಬಯಸಿದರೆ ಮೊದಲು ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು. ಕೃಷಿ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆಯಾಗಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ಗೂ ಪೂರ್ವಾನುಮತಿ ಬೇಕು.

ಆದರೆ ನಿಜವಾದ ಪರೀಕ್ಷೆ ಮಣ್ಣಿನದು. ಎರೆಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲ, ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಟೆಂಟಿನ ಗೂಟಗಳು ಸಡಿಲವಾಗುತ್ತವೆ, ತೆಳುವಾದ ಕಾಂಕ್ರೀಟ್ ಹಾಸು ಸೀಳುತ್ತದೆ, ನೀರು ಬೇಗನೆ ಇಂಗದ ಕಾರಣ ಶೌಚಾಲಯದ ಇಂಗುಗುಂಡಿಯೂ ತುಂಬಿ ನಿಲ್ಲುತ್ತದೆ. ಹೊಲದಲ್ಲಿ ಮಸಾರಿ (ಕೆಂಪು ಮಣ್ಣು) ಅಥವಾ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ನೆಲದ ದಿಬ್ಬವಿದ್ದರೆ ಅದನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಎರೆಯನ್ನು ತೆಗೆದು ಗರಸು ತುಂಬಿಸಿ, ಅದರ ಮೇಲೆ ಎತ್ತರದ ಕಟ್ಟೆ ಕಟ್ಟಿಸಿ. ಈ ಖರ್ಚನ್ನು ಅಂದಾಜಿನಲ್ಲಿ ಸೇರಿಸದೆ ಸಾಲ ಮಾಡುವುದು ಅಪಾಯಕರ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬಟ್ಟೆಯ ಟೆಂಟು ಹಗಲಿಡೀ ಕಾಯುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವುದು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ. ಆದ್ದರಿಂದ ಐದು ತಿಂಗಳ ಆದಾಯದಲ್ಲಿ ವರ್ಷದ ಕಂತು ತೀರುವುದೇ ಎಂದು ಲೆಕ್ಕ ಹಾಕಿ, ಬೆಳೆಯನ್ನು ಬಿಡದೆ, ಎರಡೇ ಟೆಂಟುಗಳಿಂದ ಆರಂಭಿಸುವುದು ಲೇಸು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು ಸಾಕು. ಅತಿಥಿಗಳು ಅದನ್ನೇ ಬಯಸಿ ಬರುತ್ತಾರೆ.