ಕಸದ ಬುಟ್ಟಿ ನೋಡಿ ಬರೆದ ದಿನಸಿ ಚೀಟಿ

ದಿನಸಿ ಚೀಟಿಯನ್ನು ಎಲ್ಲರೂ ಕಪಾಟು ನೋಡಿ ಬರೆಯುತ್ತಾರೆ. ನಾನು ಕಸದ ಬುಟ್ಟಿ ನೋಡಿ ಬರೆಯುತ್ತೇನೆ. ಇದನ್ನು ಕೇಳಿ ಮೊದಲು ನಕ್ಕವಳು ನಮ್ಮ ಅಕ್ಕ: "ಕಸ ತೂಗುವುದಕ್ಕೂ ಒಂದು ತಕ್ಕಡಿ ಇಟ್ಟುಕೊಂಡಿದ್ದೀಯೇನೋ?" ಇಟ್ಟುಕೊಂಡಿದ್ದೆ. ಅದಾಗಿ ಸುಮಾರು ಹದಿನಾಲ್ಕು ತಿಂಗಳು. ಹೋದ ತಿಂಗಳು ಅವಳೇ ಬಂದು ನನ್ನ ಚೀಟಿಯನ್ನು ನಕಲು ಮಾಡಿಕೊಂಡು ಹೋದಳು.

ಅದಕ್ಕೂ ಹಿಂದಿನ ಎರಡು ವರ್ಷ ಪರಿಸರದ ಹೆಸರಿನಲ್ಲಿ ಕೈ ಸುಟ್ಟುಕೊಂಡದ್ದೇ ಹೆಚ್ಚು. ಮೊದಲನೆಯದು ಹತ್ತಿ ಚೀಲ. ಪ್ರತಿ ಸಲವೂ ಮನೆಯಲ್ಲಿ ಮರೆತು, ಪ್ರತಿ ಸಲವೂ ಹೊಸದು ಕೊಂಡು, ಕೊನೆಗೆ ಹನ್ನೊಂದು ಚೀಲ ಕೂಡಿದವು. ಹವಾಮಾನದ ಲೆಕ್ಕದಲ್ಲಿ ಹತ್ತಿ ಚೀಲವು ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲಾಗಬೇಕಾದರೆ ಅದನ್ನು ಕನಿಷ್ಠ 131 ಸಲ ಬಳಸಬೇಕೆಂದು ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಹೇಳಿತ್ತು. ವಾರಕ್ಕೆ ಎರಡು ಚೀಲ ತುಂಬುವ ನನಗೆ ಹನ್ನೊಂದು ಚೀಲದ ಋಣ ತೀರಲು ಹದಿನಾಲ್ಕು ವರ್ಷ ಬೇಕು! ಎಂಟನ್ನು ಹಂಚಿಬಿಟ್ಟೆ.

ಎರಡನೆಯದು ಮೂಟೆ. ಪ್ಯಾಕೆಟ್ಟುಗಳ ಪ್ಲಾಸ್ಟಿಕ್ ಉಳಿಯುತ್ತದೆಂದು ಅಕ್ಕಿ, ಕಾಳುಗಳನ್ನು ಮೂಟೆಗಟ್ಟಲೆ ತಂದೆ. ಕಾಳಿನಲ್ಲಿ ಅರ್ಧದಷ್ಟು ಹುಳಗಳ ಪಾಲಾಯಿತು. ಮೂರನೆಯದು ಸಾವಯವ ವ್ರತ. ನಾಲ್ಕು ತಿಂಗಳು ಎಲ್ಲವನ್ನೂ ಸಾವಯವವೇ ಕೊಂಡೆ. ಬಿಲ್ಲು ಒಂದೂವರೆ ಪಟ್ಟಾಯಿತು, ಕಸದ ಬುಟ್ಟಿ ಮಾತ್ರ ಮೊದಲಿನಷ್ಟೇ ತುಂಬುತ್ತಿತ್ತು. ಸಾವಯವ ಸೊಪ್ಪೂ ಕೊಳೆತರೆ ಕಸವೇ.

ಆಗ ತಕ್ಕಡಿ ತಂದೆ. ಸಿಪ್ಪೆ, ಮೂಳೆಗಳನ್ನು ಬಿಟ್ಟು, ತಿನ್ನಬಹುದಾಗಿದ್ದನ್ನು ಮಾತ್ರ ತೂಗಿದರೆ ನಾಲ್ವರ ಮನೆಯಲ್ಲಿ ವಾರಕ್ಕೆ ಮೂರೂವರೆ ಕಿಲೋ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳದ್ದು. ಅಂಗಡಿಯವರನ್ನೂ ಹೋಟೆಲಿನವರನ್ನೂ ಬೈಯುತ್ತಿದ್ದ ನಾನು ಅಂದಿನಿಂದ ಸುಮ್ಮನಾದೆ.

ತೂಗಿದ್ದನ್ನೆಲ್ಲ ಬರೆದಿಟ್ಟೆ: ಏನು ಎಸೆದೆವು, ಯಾವಾಗ ಕೊಂಡಿದ್ದೆವು, ಏಕೆ ಎಸೆದೆವು. ಕೆಟ್ಟು ಹೋದದ್ದಕ್ಕಿಂತ ಮರೆತು ಹೋದದ್ದೇ ಹೆಚ್ಚಿತ್ತು. "ಎರಡು ಕೊಂಡರೆ ಒಂದು ಉಚಿತ" ಎಂದು ಬಂದ ಆ ಮೂರನೆಯದು ಹತ್ತರಲ್ಲಿ ಆರು ಸಲ ಬುಟ್ಟಿಗೇ ಬಿದ್ದಿತ್ತು. ಹೀಗಾಗಿ ಒಂದು ಕಟ್ಟಳೆ ಮಾಡಿದೆ: ಸತತ ಎರಡು ಸಲ ಬುಟ್ಟಿಗೆ ಬಿದ್ದ ಪದಾರ್ಥ ಒಂದು ತಿಂಗಳು ಚೀಟಿಗೆ ಬರಕೂಡದು. ಮೊಸರು ಒಮ್ಮೆ ಹೀಗೆ ಗಡೀಪಾರಾದಾಗ ಮನೆಯಲ್ಲಿ ದಂಗೆಯೇ ಎದ್ದಿತು. ಮಣಿದು ಚಿಕ್ಕ ಡಬ್ಬಿಗೆ ಒಪ್ಪಿದೆ. ತರಕಾರಿಯನ್ನು ಈಗ ವಾರಕ್ಕೆ ಎರಡು ಸಲ, ಸ್ವಲ್ಪಸ್ವಲ್ಪವೇ ತರುತ್ತೇನೆ. ಬ್ರೆಡ್ ತಂದ ದಿನವೇ ಅರ್ಧ ಫ್ರೀಜರಿಗೆ ಹೋಗುತ್ತದೆ. ಸೊಪ್ಪನ್ನು ಎಂಟು ದಿನ ನಳನಳಿಸುವಂತೆ ಇಡುವ ಉಪಾಯವೊಂದಿದೆ. ಅದನ್ನು ಅಕ್ಕನಿಗೇ ಹೇಳಿಲ್ಲ, ಇಲ್ಲಿ ಹೇಳುವೆನೇ?

ನಡುವೆ ಸೌತೆಕಾಯಿಯ ಪರೀಕ್ಷೆಯೊಂದನ್ನು ಮಾಡಿದೆ. ಪ್ಲಾಸ್ಟಿಕ್ ಸುತ್ತಿದ್ದು ಒಂದು, ಬರಿದೇ ಒಂದು, ಒಂದೇ ಫ್ರಿಜ್ಜಿನಲ್ಲಿ. ಬರಿದಾದದ್ದು ಐದನೆಯ ದಿನಕ್ಕೆ ಮೆತ್ತಗಾಯಿತು, ಸುತ್ತಿದ್ದು ಹತ್ತು ದಿನ ಗಟ್ಟಿಯಾಗಿತ್ತು. ಪ್ಲಾಸ್ಟಿಕ್ಕನ್ನು ಕಂಡರೆ ಸಿಡಿಯುತ್ತಿದ್ದ ನನಗೆ ಇದು ನುಂಗಲಾರದ ತುತ್ತಾಯಿತು. ಮೂರು ಸಲ ಮಾಡಿ ನೋಡಿದೆ, ಫಲ ಬದಲಾಗಲಿಲ್ಲ.

ಇನ್ನು ದೂರದ ಲೆಕ್ಕ. ಯಾವ ಹಣ್ಣು ಎಲ್ಲಿಂದ ಬಂತೆಂದು ಚೀಟಿ ಓದುತ್ತಾ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತಿದ್ದೇನೆ. ಆಹಾರದಿಂದಾಗುವ, ಭೂಮಿಯನ್ನು ಬಿಸಿಮಾಡುವ ಅನಿಲಗಳ ಒಟ್ಟು ಹೊರಸೂಸುವಿಕೆಯಲ್ಲಿ ಸಾಗಣೆಯ ಪಾಲು ಶೇ. 6ರ ಆಸುಪಾಸು ಎಂದು ತಿಳಿದ ಮೇಲೆ ಆ ಗೀಳು ಬಿಟ್ಟಿತು. ವಿಮಾನದಲ್ಲಿ ಬರುವ ಎಳೆ ಬೀನ್ಸ್, ಬೆರ್ರಿ ಹಣ್ಣುಗಳನ್ನು ಮಾತ್ರ ಮುಟ್ಟುವುದಿಲ್ಲ. ನಿಜವಾದ ಭಾರ ಇರುವುದು ಮೆಲುಕು ಹಾಕುವ ಪ್ರಾಣಿಗಳ ಮಾಂಸದಲ್ಲಿ, ಅವುಗಳ ಹೊಟ್ಟೆಯಿಂದ ಬರುವ ಮೀಥೇನ್ ಅನಿಲದಲ್ಲಿ. ಕುರಿ ಮಾಂಸ ನಮ್ಮಲ್ಲಿ ವಾರಕ್ಕೆ ಮೂರು ಸಲವಿದ್ದದ್ದು ಒಂದಕ್ಕಿಳಿದು, ಉಳಿದೆರಡು ದಿನ ಕಾಳು ಬಂತು. ಮಕ್ಕಳು ಒಂದು ತಿಂಗಳು ಮುಖ ಊದಿಸಿಕೊಂಡರು, ಆಮೇಲೆ ಆ ಮಾತೇ ಬರಲಿಲ್ಲ. ಬಿಲ್ಲು ನಿಜವಾಗಿ ಇಳಿದದ್ದೂ ಇಲ್ಲಿಯೇ.

ಈಗ ಬುಟ್ಟಿಗೆ ಬೀಳುವುದು ವಾರಕ್ಕೆ ಮುಕ್ಕಾಲು ಕಿಲೋ, ನೆಂಟರು ಬಂದ ವಾರ ಎರಡು. ಖರ್ಚಿನಲ್ಲಿ ಐದನೆಯ ಒಂದು ಪಾಲು ಉಳಿಯುತ್ತಿದೆ. ಅದರಲ್ಲಿ ಹಾಲು, ಮೊಟ್ಟೆ ಎರಡನ್ನು ಮಾತ್ರ ಮತ್ತೆ ಸಾವಯವಕ್ಕೆ ತಿರುಗಿಸಿದ್ದೇನೆ.

ಇಷ್ಟಾದರೂ ಬಾಳೆಹಣ್ಣಿಗೆ ಸೋತಿದ್ದೇನೆ. ನಾಲ್ಕು ತಂದರೆ ಸಂಜೆಯೊಳಗೆ ಖಾಲಿ, ಎಂಟು ತಂದರೆ ಐದು ಕಪ್ಪಾಗುತ್ತವೆ. ಆರು ತಂದು ನೋಡಿದೆ: ಆರೂ ಕಪ್ಪಾದವು.