ಪ್ರಯರ್ ಆರ್ಟನ್ನೇ ಲೇತ್ ಮೇಲೆ ಹಾಕಿದೆ

ತೆಳು ಗೋಡೆಯ ಬುಷ್ (ಟೊಳ್ಳು ಕೊಳವೆಯಂಥ ತುಂಡು) ಲೇತ್ ಮೇಲೆ ಹಿಡಿಯುವ ನನ್ನ ಮ್ಯಾಂಡ್ರೆಲ್‌ಗೆ ಕೊನೆಗೂ ಪೇಟೆಂಟ್ ಸಿಕ್ಕಿತು. ಅರ್ಜಿ ತಿರಸ್ಕೃತವಾದಾಗ ಪುಣೆಯ ಭೋಸರಿಯಲ್ಲಿರುವ ನಮ್ಮ ಕನ್ನಡದ ವರ್ಕ್‌ಶಾಪಿನವರೆಲ್ಲ ಕೈಬಿಡು ಎಂದವರೇ. ಬೆಳಗಾವಿ ಕಡೆಯ ಹಿರಿಯರೊಬ್ಬರಂತೂ, "ತಮ್ಮಾ, ಹೈಕೋರ್ಟಿಗೆ ಸುರಿಯೋ ರೊಕ್ಕದಾಗ ಒಂದು ಸಿಎನ್‌ಸಿ ಮಷೀನಿಗೆ ಅಡ್ವಾನ್ಸ್ ಕೊಡು" ಎಂದಿದ್ದರು.

ಪೇಟೆಂಟ್ ಕಚೇರಿಯ ಆಕ್ಷೇಪ ಇಷ್ಟೇ. ನನಗಿಂತ ಮೊದಲೇ ಇದ್ದ ತಂತ್ರಕ್ಕೆ, ಅಂದರೆ ಪ್ರಯರ್ ಆರ್ಟಿಗೆ, ಡಿ-1, ಡಿ-2 ಎಂಬ ಎರಡು ದಾಖಲೆ ತೋರಿಸಿದರು. ಡಿ-1ರಲ್ಲಿ ಸೀಳಿದ ಸ್ಲೀವ್, ಒಂದು ಕೋನ್. ಡಿ-2ರಲ್ಲಿ ಎದುರುಬದುರು ಎರಡು ಕೋನ್. ಎರಡನ್ನೂ ಕೂಡಿಸಿದರೆ ನನ್ನದೇ ಆಗುತ್ತದೆ, ಇದು ಬರೀ ವರ್ಕ್‌ಶಾಪ್ ಸುಧಾರಣೆ, ಆವಿಷ್ಕಾರವಲ್ಲ ಎಂದರು. ಈ ಮಾತಿಗೆ ಆಧಾರ ಲೇತ್ ಮೇಲೆ ಪಾತ್ರೆ ಹಿಡಿಯುವ ಸಾಧನದ ಬಗ್ಗೆ 1978ರಲ್ಲಿ ಬಂದ ಬಿಶ್ವನಾಥ್ ಪ್ರಸಾದ್ ತೀರ್ಪು. ಮೆಕ್ಯಾನಿಕಲ್ ಅರ್ಜಿ ಹಾಕಿದವರಿಗೆಲ್ಲ ಅದು ಗೊತ್ತು.

ಬಾಯಿಮಾತಿನ ಉತ್ತರ ಎಷ್ಟು ಬರೆದರೂ ನಾಟಲಿಲ್ಲ. ಆಗ ಡಿ-1ರ ಚಿತ್ರ ನೋಡಿ ಅದನ್ನೇ ಮಾಡಿಸಿದೆ. ಡಿ-2ರಂತೆ ಎರಡನೇ ಕೋನ್ ಸೇರಿಸಬೇಕೆಂದರೆ, ಜಾಬ್ (ಲೇತ್ ಮೇಲೆ ಹಿಡಿದ ತುಂಡು) ಆನಿಸುವ ಕಾಲರ್ ಇರುವ ಕಡೆಯಿಂದಲೇ ಅದು ಬರಬೇಕು. ಕಾಲರ್ ತೆಗೆಯದೆ ಅದು ಒಳಗೆ ಹೋಗುವುದೇ ಇಲ್ಲ. ತೆಗೆದರೆ ಬಿಗಿದಾಗ ಜಾಬ್ ಉದ್ದಕ್ಕೆ ಜರುಗುತ್ತದೆ, ಲೆಂತ್ ಕೈತಪ್ಪುತ್ತದೆ. ಒಂದೂವರೆ ಮಿಲಿ ಗೋಡೆಯ ಬುಷ್ಷಿಗೆ ಡಯಲ್ ಗೇಜ್ ಹಚ್ಚಿದರೆ ಅರವತ್ತು ಮೈಕ್ರಾನ್ ಆಸುಪಾಸು ಓವಾಲಿಟಿ, ಅಂದರೆ ಬುಷ್ ಅಷ್ಟು ದುಂಡು ತಪ್ಪಿತ್ತು. ನನ್ನದರಲ್ಲಿ ಒಂದು ಕೋನ್ ಡಿಸ್ಕ್ ಸ್ಪ್ರಿಂಗ್ ಮೇಲೆ ತೇಲುತ್ತದೆ, ಕಾಲರ್ ಇದ್ದಲ್ಲೇ ಇರುತ್ತದೆ, ಓವಾಲಿಟಿ ಹತ್ತು ದಾಟಲಿಲ್ಲ. ಆ ಸ್ಪ್ರಿಂಗ್ ಜೋಡಣೆಯಂಥದ್ದು ಭೋಸರಿಯಲ್ಲಿ ನನಗಿಂತ ಮೊದಲು ಯಾರೂ ಮಾಡಿದ್ದು ನಾನು ಕಂಡಿಲ್ಲ.

ಫೋಟೋ, ರೀಡಿಂಗ್, ಅಫಿಡವಿಟ್ ಎಲ್ಲವನ್ನೂ ಹಿಯರಿಂಗ್ ನಂತರದ ಲಿಖಿತ ವಾದದ ಜೊತೆಗೇ ಕೊಟ್ಟೆ. ಕೊನೆಗೆ ಗೆಲ್ಲಿಸಿದ್ದು ಅದೇ. ಆದರೆ ಅರ್ಜಿ ತಿರಸ್ಕರಿಸಿದ ಮೊದಲ ಆದೇಶದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. 2021ರಲ್ಲಿ ಐಪಿಎಬಿ (ಪೇಟೆಂಟ್ ಮೇಲ್ಮನವಿ ಕೇಳುತ್ತಿದ್ದ ಮಂಡಳಿ) ರದ್ದಾದ ಮೇಲೆ ಪೇಟೆಂಟ್ ಕಾಯ್ದೆಯ 117ಎ ಕಲಮಿನ ಮೇಲ್ಮನವಿ ನೇರ ಹೈಕೋರ್ಟಿಗೆ ಹೋಗುತ್ತದೆ. ಮೂರು ತಿಂಗಳ ಗಡುವಿನೊಳಗೆ ಮುಂಬೈಯಲ್ಲಿ ಹಾಕಿದೆವು. ಕಾರಣ ಕೊಡದ ಆದೇಶ ನಿಲ್ಲಲಿಲ್ಲ. ಪೇಟೆಂಟ್ ಕಚೇರಿಯ ಬೇರೆ ಕಂಟ್ರೋಲರ್ (ತೀರ್ಮಾನಿಸುವ ಅಧಿಕಾರಿ) ಮುಂದೆ ಹೊಸದಾಗಿ ವಿಚಾರಣೆ ನಡೆಯಿತು. ಅಲ್ಲಿ ತೇಲುವ ಕೋನನ್ನು ಒಂದನೇ ಕ್ಲೇಮಿಗೇ (ಯಾವುದರ ಮೇಲೆ ಹಕ್ಕು ಕೇಳುತ್ತೇವೆಂದು ಹೇಳುವ ಸಾಲು) ಸೇರಿಸಿ ಬಿಗಿಮಾಡಿದೆವು. ಕ್ಲೇಮ್ ಕಿರಿದಾಗಿಸಲು 59ನೇ ಕಲಂ ಅಡ್ಡಬರುವುದಿಲ್ಲ, ಹಿಗ್ಗಿಸಲು ಮಾತ್ರ ಬಿಡದು.

ನಡುವೆ ಅಲ್ಯೂಮಿನಿಯಂ ಬುಷ್‌ಗೆಂದು ನೈಲಾನ್ ಸ್ಲೀವ್ ಪ್ರಿಂಟ್ ಮಾಡಿಸಿದೆ. ಗೀರು ಬೀಳಲಿಲ್ಲ, ಆದರೆ ಕೂಲಂಟ್ ಕುಡಿದು ಊದಿತು. ಆಮೇಲೆ ಬೇರೊಂದು ಪ್ಲಾಸ್ಟಿಕ್ ಕುದುರಿದೆ. ಅದರ ಹೆಸರು ಈಗ ಹೇಳುವುದಿಲ್ಲ, ಎರಡನೇ ಅರ್ಜಿ ತಯಾರಾಗುತ್ತಿದೆ.

ದುಡ್ಡಿನ ವಿಚಾರ: ಅರ್ಜಿಗೆ 1,600, ಪರೀಕ್ಷೆಗೆ 4,000 ರೂಪಾಯಿ, ಅದು ಏನೂ ಅಲ್ಲ. ವಕೀಲರು, ಏಜೆಂಟ್, ಮಾಡಿಸಿದ ಡಿ-1 ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ. ಪೇಟೆಂಟ್ ಸಿಗುವುದು ತಡವಾದರೆ ಮೂರನೇ ವರ್ಷದಿಂದ ಬಾಕಿ ನಿಂತ ನವೀಕರಣ ಶುಲ್ಕವೆಲ್ಲ ಒಟ್ಟಿಗೆ ಬೀಳುತ್ತದೆ. ಅದಕ್ಕೂ ಮೂರೇ ತಿಂಗಳು ಗಡುವು, ದುಡ್ಡು ಮೊದಲೇ ತೆಗೆದಿಡಿ.