ಡ್ಯಾನ್ಯೂಬ್ ನದಿಗೆ ಯಾವ ಕಂಪನಿಯ ಹಡಗು? ನಾನು ಆರಿಸಿದ ಬಗೆ

2018ರ ಅಕ್ಟೋಬರ್‌ನಲ್ಲಿ ನಾನು ಮತ್ತು ನಮ್ಮನೆಯವರು ರೈನ್ ನದಿಯ ಕ್ರೂಸ್‌ಗೆ ಹೋಗಿದ್ದೆವು. ಆ ವರ್ಷ ಅಲ್ಲಿ ಬೇಸಿಗೆಯಿಡೀ ಮಳೆ ಕೈಕೊಟ್ಟಿತ್ತು. ಜರ್ಮನಿಯ ಕೌಬ್ ಅನ್ನೋ ಊರಿನ ಅಳತೆಪಟ್ಟಿಯಲ್ಲಿ ನೀರು 25 ಸೆಂಟಿಮೀಟರ್‌ಗೆ ಇಳಿದಿತ್ತು. ಹಡಗು ಹೋಗುವ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರ್ ಜಾಸ್ತಿ ಆಳ ಇರುತ್ತದೆ, ಆದರೂ ನಮ್ಮ ಹಡಗಿಗೆ ಅದು ಸಾಲದು. ನದಿಯ ಎರಡೂ ದಡದಲ್ಲಿ ಕೋಟೆಗಳ ಸಾಲು ಇರುವ ಭಾಗ ಅದು. ಅದನ್ನು ನೋಡೋಕೆ ಅಂತಲೇ ಹೋಗಿದ್ದ ನಾವು ಮೂರು ದಿನ ಬಸ್ಸಿನಲ್ಲಿ ಓಡಾಡಿದೆವು.

ನೀರು ಇಲ್ಲದ್ದು ಯಾರ ತಪ್ಪೂ ಅಲ್ಲ. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ವಾರಗಳಿಂದ ಗೊತ್ತಿದ್ದ ವಿಷಯವನ್ನು ಆ ಕಂಪನಿ ನಾವು ಹಡಗು ಹತ್ತಿದ ಮೇಲೆ ಹೇಳಿತು. ಆಮೇಲೆ ಕರಾರುಪತ್ರ ತೆಗೆದು ಓದಿದೆ. ನೀರು ಕಡಿಮೆಯಾದರೆ ಬಸ್ಸಿನಲ್ಲಿ ಕರೆದೊಯ್ಯಬಹುದು, ಅದಕ್ಕೆ ದುಡ್ಡು ವಾಪಸ್ ಇಲ್ಲ ಅಂತ ಅದರಲ್ಲಿ ಬರೆದೇ ಇತ್ತು. ಈ ಮಾತು ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಕರಾರಿನಲ್ಲೂ ಇರುತ್ತದೆ ಅಂತ ಈಗ ಗೊತ್ತು.

ಹಾಗಾಗಿ 2024ರಲ್ಲಿ ಅಮ್ಮನನ್ನು ಡ್ಯಾನ್ಯೂಬ್‌ಗೆ ಕರೆದುಕೊಂಡು ಹೋಗಬೇಕು ಅಂತ ಆದಾಗ ನಾನು ಮೊದಲು ಬ್ರೋಷರ್ ತೆಗೆಯಲಿಲ್ಲ. ಒಂದು ನೋಟ್‌ಬುಕ್ ತೆಗೆದೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಮೊಟ್ಟೆ ಕೂಡ ತಿನ್ನುವುದಿಲ್ಲ. ಜೊತೆಗೆ ಇನ್ನೊಂದು ತೊಡಕು: ನದಿಯ ಹಡಗುಗಳಲ್ಲಿ ಮೂರು ಜನರ ಕ್ಯಾಬಿನ್ ಸಿಗೋದು ಅಪರೂಪ. ಅಮ್ಮನೊಬ್ಬರಿಗೇ ಬೇರೆ ಕ್ಯಾಬಿನ್ ಅಂದರೆ ಒಂಟಿ ಪ್ರಯಾಣಿಕರ ಹೆಚ್ಚುವರಿ ದರ ಕೊಡಬೇಕು. ಕೆಲವು ಕಡೆ ಒಬ್ಬರ ಒಟ್ಟು ದರ ಇಬ್ಬರ ದುಡ್ಡಿಗೆ ಹತ್ತಿರ ಬರುತ್ತದೆ. ಕೆಲವು ದಿನಾಂಕಗಳಿಗೆ ಕಂಪನಿಗಳು ಆ ಹೆಚ್ಚುವರಿ ದರವನ್ನು ಬಿಟ್ಟುಕೊಡುತ್ತವೆ, ಕೇಳಿ ನೋಡಬೇಕು. ನಾವು ಇದನ್ನು ನಮ್ಮ ರೀತಿಯಲ್ಲಿ ಬಗೆಹರಿಸಿದೆವು. ಚಿಕ್ಕಮ್ಮನನ್ನು ಕೇಳಿದೆ. "ಅಕ್ಕ ಬರ್ತಾಳೆ ಅಂದ್ರೆ ನಾನೂ ಬರ್ತೀನಿ ಕಣೇ" ಅಂದರು. ನಾಲ್ಕು ಜನ, ಎರಡು ಕ್ಯಾಬಿನ್.

ಬ್ರೋಷರ್‌ಗಳನ್ನು ನೋಡಿದರೆ ಎಲ್ಲ ಹಡಗೂ ಒಂದೇ ಥರ ಕಾಣುತ್ತವೆ. ಅದು ಫೋಟೋದ ಮಹಿಮೆ ಅಲ್ಲ, ನಿಜವಾಗಿಯೂ ಒಂದೇ ಅಳತೆ. ಸುಮಾರು 135 ಮೀಟರ್ ಉದ್ದ, 11.4 ಮೀಟರ್ ಅಗಲ. ಕಾರಣ ಲಾಕ್‌ಗಳು. ಅಂದರೆ ಎರಡು ಬಾಗಿಲ ನಡುವೆ ಹಡಗನ್ನು ನಿಲ್ಲಿಸಿ, ನೀರು ತುಂಬಿಸಿ ಮೇಲೆತ್ತುವ ಅಥವಾ ನೀರು ಹೊರಬಿಟ್ಟು ಕೆಳಗಿಳಿಸುವ ಕಟ್ಟೆಗಳು. ರೈನ್ ಕಡೆಯ ಮೈನ್ ನದಿಯನ್ನು ಡ್ಯಾನ್ಯೂಬ್‌ಗೆ ಸೇರಿಸುವ ಕಾಲುವೆ 1992ರಲ್ಲಿ ಪೂರ್ತಿಯಾಯಿತು. ಅದರ ಲಾಕ್‌ಗಳ ಅಗಲ 12 ಮೀಟರ್. ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗೆ ಓಡಬೇಕಾದ ಯಾವ ಹಡಗೂ ಅದಕ್ಕಿಂತ ಅಗಲ ಇರೋ ಹಾಗಿಲ್ಲ. ಆಮಾವಾಟರ್‌ವೇಸ್ ಕಂಪನಿ 2019ರಲ್ಲಿ ಇಳಿಸಿದ ಆಮಾಮ್ಯಾಗ್ನಾ ಹಡಗು 22 ಮೀಟರ್ ಅಗಲ. ಅದಕ್ಕೇ ಅದು ಡ್ಯಾನ್ಯೂಬ್ ಬಿಟ್ಟು ಬೇರೆ ಕಡೆ ಹೋಗಲಾರದು.

ಇದು ತಿಳಿದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು. ಜಾಗ ಎಲ್ಲರಿಗೂ ಅಷ್ಟೇ. ಆ ಜಾಗವನ್ನು ಹೇಗೆ ಬಳಸಿದ್ದಾರೆ, ಆ ದುಡ್ಡಿನಲ್ಲಿ ಏನೇನು ಸೇರಿಸಿದ್ದಾರೆ, ಹಗಲು ಹೊತ್ತನ್ನು ಎಲ್ಲಿ ಕಳೆಯುತ್ತಾರೆ. ನೋಡಬೇಕಾದ್ದು ಇದು.

ದುಡ್ಡಿನ ಲೆಕ್ಕಕ್ಕೆ ಒಂದು ಪುಟ ಇಟ್ಟೆ. ಟಿಕೆಟ್ ದರ, ಬಂದರು ಶುಲ್ಕ, ಊರು ತೋರಿಸುವ ಖರ್ಚು, ಊಟದ ಜೊತೆಗಿನ ಪಾನೀಯ, ಏರ್‌ಪೋರ್ಟ್‌ನಿಂದ ಹಡಗಿಗೆ ಬಸ್ಸು, ಟಿಪ್ಸ್. ಯೂನಿವರ್ಲ್ಡ್, ಟಾಕ್, ಸೀನಿಕ್ ಥರದ ಕಂಪನಿಯವರು ಟಿಪ್ಸ್ ಸೇರಿಸಿಯೇ ದರ ಹೇಳುತ್ತಾರೆ, ದರವೂ ಹಾಗೇ ಮೇಲಿರುತ್ತದೆ. ಸೀನಿಕ್‌ನ ಸೋದರ ಕಂಪನಿ ಎಮರಾಲ್ಡ್ ದರ ಅದಕ್ಕಿಂತ ಕಡಿಮೆ, ಟಿಪ್ಸ್ ಅದರಲ್ಲೂ ಸೇರಿದೆ. ನಾವು ವಿಚಾರಿಸಿದಾಗ ವೈಕಿಂಗ್, ಆಮಾ, ಆವಲಾನ್ ದರಗಳಲ್ಲಿ ಟಿಪ್ಸ್ ಬೇರೆ. ದಿನಕ್ಕೆ ಒಬ್ಬರಿಗೆ 15 ಯೂರೋ ಅಂತ ಹಿಡಿದರೂ ನಾಲ್ಕು ಜನಕ್ಕೆ ಏಳು ದಿನಕ್ಕೆ 420 ಯೂರೋ. ಇದನ್ನು ಕೂಡಿಸದೆ ಎರಡು ದರಗಳನ್ನು ಪಕ್ಕಪಕ್ಕ ಇಟ್ಟು ನೋಡೋದರಲ್ಲಿ ಅರ್ಥವೇ ಇಲ್ಲ. ಇನ್ನು ಫ್ರಾನ್ಸ್‌ನ ಕ್ರೋಸಿಯೂರೋಪ್ ಬಾರಿನ ಪಾನೀಯ ಎಲ್ಲ ಸೇರಿಸಿ ಕೊಡುತ್ತದೆ. ನಮ್ಮ ನಾಲ್ವರಲ್ಲಿ ಕುಡಿಯುವವರು ಯಾರೂ ಇಲ್ಲ. ಬೇರೆಯವರಿಗೆ ದೊಡ್ಡ ಲಾಭವಾಗುವ ಆ ಸೌಲಭ್ಯ ನಮ್ಮ ಪುಟದಲ್ಲಿ ಸೊನ್ನೆ.

ನಮ್ಮ ಕಡೆಯಿಂದ ಹೋಗುವವರಿಗೆ ಇನ್ನೊಂದು ಖರ್ಚು ಇದೆ. ಇಲ್ಲಿನ ಏಜೆಂಟ್ ಮೂಲಕ ಪ್ಯಾಕೇಜ್ ತಗೊಂಡರೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ನಾವು ಹೋದಾಗ ವರ್ಷಕ್ಕೆ 7 ಲಕ್ಷದವರೆಗೆ ಶೇಕಡಾ 5, ಅದರ ಮೇಲೆ ಶೇಕಡಾ 20 ಇತ್ತು. ಆಮೇಲೆ ನಿಯಮ ಬದಲಾಗಿದೆ, ಬುಕ್ ಮಾಡುವಾಗ ಈಗಿನ ದರ ಕೇಳಿ. ರಿಟರ್ನ್ಸ್ ಹಾಕುವಾಗ ಈ ದುಡ್ಡು ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ ಅಲ್ವಾ?

ಕಂಪನಿಗಳ ಗುಣ ಹೇಗೆ ಬೇರೆಬೇರೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ವೈಕಿಂಗ್ ಹತ್ತಿರ ಎಲ್ಲರಿಗಿಂತ ಜಾಸ್ತಿ ಹಡಗುಗಳಿವೆ. ನೀರು ಕೈಕೊಟ್ಟಾಗ ಇದು ಬಹಳ ಮುಖ್ಯ. ನದಿಯ ಆಳವಿಲ್ಲದ ಜಾಗದ ಆಚೆ ಅದೇ ಥರದ ಇನ್ನೊಂದು ಹಡಗು ಇದ್ದರೆ, ಬಸ್ಸಿನಲ್ಲಿ ಒಂದೇ ಸಲ ಸಾಗಿಸಿ ಅದರಲ್ಲಿ ಹತ್ತಿಸುತ್ತಾರೆ. ಕ್ಯಾಬಿನ್ ನಂಬರ್ ಕೂಡ ಅದೇ ಸಿಗಬಹುದು. 18 ವರ್ಷದ ಒಳಗಿನವರನ್ನು ಅವರು ಹತ್ತಿಸುವುದಿಲ್ಲ. ಮೊಮ್ಮಕ್ಕಳನ್ನು ಕರೆದೊಯ್ಯುವ ಆಸೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು. ಆಮಾ ಹಡಗುಗಳಲ್ಲಿ ಸೈಕಲ್‌ಗಳು ಇರುತ್ತವೆ, ಓಡಾಡುವ ಉತ್ಸಾಹ ಇರುವವರಿಗೆ ಅದು ಹೇಳಿಮಾಡಿಸಿದ್ದು. ಜರ್ಮನಿಯ ಆ-ರೋಸಾ ಹಡಗುಗಳಲ್ಲಿ ಜರ್ಮನ್ ಮಾತಾಡುವವರೇ ಜಾಸ್ತಿ. ಅಮ್ಮ, ಚಿಕ್ಕಮ್ಮ ಇಂಗ್ಲಿಷ್‌ನಲ್ಲೇ ನಿಧಾನಕ್ಕೆ ಮಾತಾಡುವವರು. ಅದನ್ನು ಬಿಟ್ಟೆವು.

ನನ್ನ ನಿರ್ಧಾರ ಕೊನೆಗೆ ಒಂದು ಮಂಚದ ಮೇಲೆ ನಿಂತಿತು. ಬೇರೆ ಹಡಗುಗಳಲ್ಲಿ ಮಂಚ ಸಾಮಾನ್ಯವಾಗಿ ಗೋಡೆಗೆ ಮುಖ ಮಾಡಿರುತ್ತದೆ, ನದಿ ನೋಡಬೇಕಾದರೆ ಕತ್ತು ತಿರುಗಿಸಬೇಕು. ಆವಲಾನ್‌ನ ಸೂಟ್ ಹಡಗುಗಳ ಮೇಲಿನ ಎರಡು ಡೆಕ್‌ಗಳಲ್ಲಿ ಮಂಚ ಕಿಟಕಿಗೆ ಎದುರಾಗಿ ಇದೆ. ಕಿಟಕಿ ಅಂದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಗಾಜು, ಅದನ್ನು ಸರಿಸಿದರೆ ಕೋಣೆಯೇ ಬಾಲ್ಕನಿ. ಅಮ್ಮ ಹೊರಗಡೆ ಕುರ್ಚಿಯಲ್ಲಿ ಒಂದು ಗಂಟೆ ಕೂರಲಾರರು. ಕಾಲು ಚಾಚಿ ಮಲಗಿ ನದಿ ನೋಡುವ ಹಾಗಿದ್ದರೆ ಅವರಿಗೆ ಪೂರ್ತಿ ಪ್ರಯಾಣ ದಕ್ಕುತ್ತದೆ ಅನ್ನಿಸಿತು. ಊಟದ ವಿಷಯದಲ್ಲೂ ಆವಲಾನ್‌ನವರ ಉತ್ತರ ನನಗೆ ಹಿಡಿಸಿತು. ವಿಯೆನ್ನಾದ ರೆಂಖ್ ಸಹೋದರರು ಅನ್ನುವ ಬಾಣಸಿಗರು ಮಾಡಿಕೊಟ್ಟ ಸಸ್ಯಾಹಾರದ ಅಡುಗೆಗಳು ಪ್ರತಿ ಊಟದಲ್ಲೂ ಇರುತ್ತವೆ. ಹಾಗಂತ ಸುಮ್ನೆ ಇರಬೇಡಿ. ಯೂರೋಪಿನಲ್ಲಿ ಸಸ್ಯಾಹಾರಿ ಅಂದರೆ ಮೊಟ್ಟೆ ನಡೆಯುತ್ತದೆ ಅಂತಲೇ ಲೆಕ್ಕ. ಮೆತ್ತಗಿನ ಸಿಹಿತಿಂಡಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್ ಇರುತ್ತದೆ. ಸೂಪಿನ ನೀರು ಕೋಳಿಯದೋ ತರಕಾರಿಯದೋ ಕೇಳಬೇಕು. ನಾನು ಮೊಟ್ಟೆ, ಮೀನು, ಜೆಲಟಿನ್, ಮಾಂಸ ಬೇಯಿಸಿದ ನೀರು ಯಾವುದೂ ಬೇಡ, ಹಾಲು ಮೊಸರು ಆಗುತ್ತದೆ ಅಂತ ಒಂದೊಂದಾಗಿ ಬರೆದು ಎರಡು ತಿಂಗಳು ಮುಂಚೆ ಕಳಿಸಿದೆ. ಮೊದಲ ದಿನ ಸಂಜೆ ಅಡುಗೆಮನೆಯ ಮುಖ್ಯಸ್ಥರು ಆ ಪತ್ರದ ಪ್ರಿಂಟ್ ಹಿಡಿದುಕೊಂಡೇ ನಮ್ಮ ಮೇಜಿಗೆ ಬಂದರು. ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ ಅಮ್ಮನ ಚೀಲದಲ್ಲಿ ಹೇಗೂ ಇದ್ದವು.

ಕ್ಯಾಬಿನ್ ಆರಿಸುವಾಗ ದರ ನೋಡಿ ಕೆಳಗಿನ ಡೆಕ್‌ಗೆ ಮನಸ್ಸು ಹೋಗುತ್ತದೆ. ಅಲ್ಲಿ ಕಿಟಕಿ ಚಿಕ್ಕದು, ಎತ್ತರದಲ್ಲಿ ಇರುತ್ತದೆ, ತೆರೆಯಲು ಬರುವುದಿಲ್ಲ. ಹಗಲೆಲ್ಲ ಹೊರಗೇ ಇರುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಬಹಳಷ್ಟು ಹಡಗುಗಳಲ್ಲಿ ಲಿಫ್ಟ್ ಕೆಳಗಿನ ಡೆಕ್‌ಗೂ ಇಳಿಯುವುದಿಲ್ಲ, ತೆರೆದ ಮೇಲ್ಛಾವಣಿಗೂ ಹತ್ತುವುದಿಲ್ಲ. ಮಂಡಿನೋವು ಇರುವವರಿಗೆ ನಡುವಿನ ಡೆಕ್ ಸರಿ. ಹಿಂಭಾಗದಲ್ಲಿ ಎಂಜಿನ್ ಸದ್ದು, ಹಾಗಾಗಿ ಹಡಗಿನ ಮಧ್ಯದ ಕ್ಯಾಬಿನ್ ಕೇಳಿದೆವು. ಇನ್ನೊಂದು ಮಾತು. ದೊಡ್ಡ ಊರುಗಳಲ್ಲಿ ಹಡಗುಗಳು ಎತ್ತಿನಗಾಡಿಗಳ ಹಾಗೆ ಪಕ್ಕಪಕ್ಕ ನಿಲ್ಲುತ್ತವೆ. ನಿಮ್ಮ ಕಿಟಕಿಯ ಎದುರು ಇನ್ನೊಂದು ಹಡಗಿನವರ ಕಿಟಕಿ ಇರುತ್ತದೆ. ದಡಕ್ಕೆ ಹೋಗಲು ಆ ಹಡಗನ್ನು ದಾಟಬೇಕು, ಕೆಲವೊಮ್ಮೆ ಮೇಲೆ ಹತ್ತಿ ಆಚೆ ಇಳಿಯಬೇಕು. ಇದು ಯಾವ ಕಂಪನಿಗೂ ತಪ್ಪಿದ್ದಲ್ಲ. ಬಾಲ್ಕನಿಗೆ ಅಂತ ದೊಡ್ಡ ಮೊತ್ತ ಕೊಡುವ ಮುಂಚೆ ನೆನಪಿರಲಿ.

ದಾರಿಯ ಆಯ್ಕೆಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ. ಡ್ಯಾನ್ಯೂಬ್‌ನಲ್ಲಿ ನೀರು ಕಡಿಮೆಯಾದರೆ ಹಡಗುಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಜರ್ಮನಿಯ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗಿನ ಸುಮಾರು 70 ಕಿಲೋಮೀಟರ್‌ನಲ್ಲಿ. ಅಲ್ಲಿ ನೀರು ಹಿಡಿದಿಡುವ ಕಟ್ಟೆಗಳಿಲ್ಲ, ನದಿ ತನ್ನ ಪಾಡಿಗೆ ಹರಿಯುತ್ತದೆ. ನ್ಯೂರೆಂಬರ್ಗ್ ಅಥವಾ ರೇಗೆನ್ಸ್‌ಬುರ್ಗ್‌ವರೆಗೆ ಹೋಗುವ ಹಡಗು ಇದನ್ನು ದಾಟಲೇಬೇಕು. ಆ ಭಾಗಕ್ಕಿಂತ ಕೆಳಗೆ, ಆಸ್ಟ್ರಿಯಾ ಗಡಿಯಲ್ಲಿರುವ ಪಸ್ಸೌ ಹತ್ತಿರವೇ ಮುಗಿಯುವ ಪ್ರಯಾಣಕ್ಕೆ ಆ ಭಯ ಇಲ್ಲ. ತಿಂಗಳು ಮೇ ಆರಿಸಿದೆವು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ಇಳಿಯುವ ಕಾಲ. ಮೇನಲ್ಲಿ ಹಿಮ ಕರಗಿದ ನೀರು ಇರುತ್ತದೆ. ನೀರು ಜಾಸ್ತಿಯಾದರೆ ಸೇತುವೆ ಕೆಳಗೆ ಹಡಗು ನುಗ್ಗುವುದಿಲ್ಲ, ಅದೂ ತೊಂದರೆಯೇ. ಪಸ್ಸೌನಲ್ಲಿ 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮುಟ್ಟಿತ್ತು. ಪೂರ್ತಿ ಸುರಕ್ಷಿತವಾದ ತಿಂಗಳು ಅಂತ ಇಲ್ಲ.

ಕಡೆಯದು ದಿಕ್ಕು. ಪಸ್ಸೌನಿಂದ ಬುಡಾಪೆಸ್ಟ್‌ಗೆ ಇಳಿಯುವುದೋ, ಅಲ್ಲಿಂದ ಇಲ್ಲಿಗೆ ಏರುವುದೋ? ಏಜೆಂಟ್ ಎರಡೂ ಒಂದೇ ಅಂದರು. ಒಂದೇ ಅಲ್ಲ. ಆಸ್ಟ್ರಿಯಾದ ಕ್ರೆಮ್ಸ್ ಮತ್ತು ಮೆಲ್ಕ್ ನಡುವಿನ ವಾಖಾವ್ ಕಣಿವೆ ಈ ದಾರಿಯಲ್ಲೇ ಅತಿ ಚಂದದ ತುಂಡು. ಅಲ್ಲಿ ಹರಿವಿಗೆ ಎದುರಾಗಿ ಹೋದರೆ ಸುಮಾರು ಮೂರು ಗಂಟೆ ಹಿಡಿಯುತ್ತದೆ, ಹರಿವಿನ ಜೊತೆ ಬಂದರೆ ಎರಡು ಗಂಟೆಯೂ ಬೇಡ. ಹಾಗಾಗಿ ಬುಡಾಪೆಸ್ಟ್‌ನಿಂದ ಹತ್ತಿದೆವು. ವಾಪಸ್ ಬರೋಕೆ ಮ್ಯೂನಿಕ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇತ್ತು, ಅಮ್ಮನಿಗೆ ಅದೂ ಅನುಕೂಲ. ವಾಖಾವ್ ಭಾಗವನ್ನು ಹಗಲಿನಲ್ಲೇ ದಾಟುತ್ತೀರಾ ಅಂತ ಎಲ್ಲ ಕಂಪನಿಗಳಿಗೂ ಇಮೇಲ್ ಮಾಡಿದ್ದೆ. ಗಂಟೆ ಸಮೇತ ಉತ್ತರ ಕೊಟ್ಟವರನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಂಡೆ. ವಿಯೆನ್ನಾದಲ್ಲಿ ಎಲ್ಲಿ ನಿಲ್ಲಿಸುತ್ತೀರಿ ಅಂತಲೂ ಕೇಳಿದ್ದೆ. ರೈಖ್ಸ್‌ಬ್ರೂಕೆ ಸೇತುವೆ ಹತ್ತಿರ ನಿಂತರೆ ಅಲ್ಲಿಂದ ಯು1 ಮೆಟ್ರೋ ಹಿಡಿದು ಸುಮಾರು ಹತ್ತು ನಿಮಿಷದಲ್ಲಿ ಊರ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್ ಚೌಕ ತಲುಪಬಹುದು.

ವೀಸಾ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಡಗು ಮೂರು ನಾಲ್ಕು ದೇಶ ಮುಟ್ಟುವುದರಿಂದ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನೋ ಗೊಂದಲ ಬರುತ್ತದೆ. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ. ಎಣಿಸಿದಾಗ ನಮಗೆ ಆಸ್ಟ್ರಿಯಾ ಬಂತು. ಹಡಗಿನ ದಿನವಾರು ವೇಳಾಪಟ್ಟಿಯನ್ನು ಕಂಪನಿಯಿಂದ ಕೇಳಿ ಪಡೆದು ಅರ್ಜಿಯ ಜೊತೆ ಇಟ್ಟೆವು. ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಬುಡಾಪೆಸ್ಟ್‌ನಿಂದ ಕೆಳಕ್ಕೆ ಸರ್ಬಿಯಾ ಕಡೆ ಹೋಗುವವರು ಷೆಂಗೆನ್ (ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳ ಗುಂಪು) ಗಡಿ ದಾಟಿ ಮತ್ತೆ ಒಳಗೆ ಬರುತ್ತಾರೆ, ಅವರು ಒಂದಕ್ಕಿಂತ ಹೆಚ್ಚು ಸಲ ಒಳಬರುವ ವೀಸಾ ಕೇಳಬೇಕು.

ಬುಡಾಪೆಸ್ಟ್ ಬಿಟ್ಟ ರಾತ್ರಿ ಅಮ್ಮ ನಮ್ಮ ಕ್ಯಾಬಿನ್ ಬಾಗಿಲು ತಟ್ಟಿದರು. "ಕಿಟಕಿ ತುಂಬ ಗೋಡೆ ಬಂದಿದೆ, ಬಾ ನೋಡು" ಅಂದರು. ಸ್ಲೊವಾಕಿಯಾದ ಗಬ್ಚಿಕೊವೊ ಲಾಕ್. ಹಡಗನ್ನು ಸುಮಾರು 20 ಮೀಟರ್ ಮೇಲೆತ್ತುತ್ತದೆ ಅದು. ಗಾಜಿನ ಆಚೆ ಕೈಗೆಟುಕುವಷ್ಟು ಹತ್ತಿರದಲ್ಲಿ ಒದ್ದೆ ಕಾಂಕ್ರೀಟು, ಅದರ ಮೇಲೆ ಪಾಚಿ. ಹಡಗು ಏರುತ್ತಿರುವುದು ನಮಗೆ ತಿಳಿಯುತ್ತಲೇ ಇರಲಿಲ್ಲ, ಗೋಡೆಯೇ ಮೆಲ್ಲಗೆ ಕೆಳಗೆ ಇಳಿಯುತ್ತಿರುವ ಹಾಗಿತ್ತು. ಕಾಲು ಗಂಟೆ ಕಳೆದ ಮೇಲೆ ಗೋಡೆ ಮುಗಿದು ದೀಪಗಳು ಕಂಡವು. ಅಕ್ಕತಂಗಿ ಇಬ್ಬರೂ ಶಾಲು ಹೊದ್ದು ಮಂಚದ ಮೇಲೆ ಕೂತು ಅಷ್ಟನ್ನೂ ನೋಡಿದರು.

ವಾಖಾವ್ ದಿನ ನಾನು ಬೇಕಂತಲೇ ಅವರ ಕ್ಯಾಬಿನ್‌ನಲ್ಲಿ ಕೂತೆ. ಮಧ್ಯಾಹ್ನ, ಗಾಜು ಪೂರ್ತಿ ಸರಿಸಿತ್ತು. ಅಮ್ಮ ದಿಂಬಿಗೆ ಒರಗಿ ಕಾಲು ಚಾಚಿದ್ದರು. ಗುಡ್ಡಕ್ಕೆ ಮೆಟ್ಟಿಲು ಕಟ್ಟಿ ಮಾಡಿದ ದ್ರಾಕ್ಷಿ ತೋಟಗಳು, ಡ್ಯೂರ್ನ್‌ಸ್ಟೈನ್‌ನ ನೀಲಿ ಗೋಪುರ, ಮೇಲೆ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ಸೆರೆ ಇಟ್ಟಿದ್ದ ಪಾಳು ಕೋಟೆ. ಚಿಕ್ಕಮ್ಮ ಗಣಿತದ ಮೇಷ್ಟ್ರಾಗಿದ್ದವರು. ದಡದ ಕಿಲೋಮೀಟರ್ ಫಲಕಗಳನ್ನು ಬರೆದುಕೊಳ್ಳುತ್ತಿದ್ದರು. "ಮುಂದಕ್ಕೆ ಹೋದ ಹಾಗೆ ನಂಬರ್ ಜಾಸ್ತಿ ಆಗ್ತಿದೆ, ಎಲ್ಲಿಂದ ಎಣಿಸಿದ್ದಾರೆ ಇವರು?" ಅಂತ ಕೇಳಿದರು. ಡ್ಯಾನ್ಯೂಬ್‌ನ ಉದ್ದವನ್ನು ಕಪ್ಪು ಸಮುದ್ರ ಸೇರುವ ಕಡೆಯಿಂದ ಎಣಿಸುತ್ತಾರೆ, ಮೂಲದಿಂದ ಅಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವು ಸಮುದ್ರದಿಂದ ಎರಡು ಸಾವಿರ ಕಿಲೋಮೀಟರ್ ದೂರ ಇದ್ದೀವಿ ಕಣೇ ಅಕ್ಕಾ" ಅಂದರು. ಅಮ್ಮ ನದಿಯಿಂದ ಕಣ್ಣು ತೆಗೆಯದೆ, "ನಿಧಾನಕ್ಕೆ ಹೋಗ್ಲಿ ಬಿಡು" ಅಂದರು.